ಬೆಂಕಿ ಸವರಿದ ಅಂಚು

ಯಾವ ಅಂಟೂ ಹಿಡಿಯದ ಪ್ಲಾಸ್ಟಿಕ್ ಎಂಬುದೊಂದಿದೆ ಎಂದು ನನಗೆ ಮೊದಲು ಗೊತ್ತಾದದ್ದು, ಅದು ಅಪ್ಪನ ಎದೆಗೆ ಬಂದು ಬಡಿದಾಗ.

ಬಸವಕಲ್ಯಾಣದ ಬಸ್ ನಿಲ್ದಾಣದ ಹೊರಗೆ ಹಣ್ಣಿನ ಗಾಡಿಗಳ ಸಾಲು ಮುಗಿಯುವ ಕಡೆ ಗೋಣಿಚೀಲ ಹಾಸಿಕೊಂಡು ಅಪ್ಪ ಚಪ್ಪಲಿ ಹೊಲಿಯುತ್ತಿದ್ದ. ನಾನಾಗ ಪಿಯುಸಿ ವಿಜ್ಞಾನದಲ್ಲಿದ್ದೆ. ಕಾಲೇಜು ಬಿಟ್ಟ ಮೇಲೆ ಬುತ್ತಿ ಡಬ್ಬಿ ತೆಗೆದುಕೊಂಡು ಹೋಗಲು ಅವನ ಹತ್ತಿರ ನಿಲ್ಲುತ್ತಿದ್ದೆ. ಅವತ್ತು ಸ್ಕೂಟರಿನ ಮೇಲೆ ಬಂದ ಒಬ್ಬ ಗಿರಾಕಿ ಇಳಿಯಲೂ ಇಲ್ಲ. ಕಾಲಲ್ಲಿದ್ದ ಸ್ಯಾಂಡಲ್ ಬಿಚ್ಚಿ ಕೂತಲ್ಲಿಂದಲೇ ಎಸೆದ.

"ನಿನ್ನಿ ಹಚ್ಚಿ ಕೊಟ್ಟಿದ್ದಿ, ಇವತ್ತು ಬಾಯಿ ತೆರದದ ನೋಡು. ಬೀಗರ ಮನಿ ಅಂಗಳದಾಗ ಬರಿಗಾಲಿಲೆ ನಿಂತಿನಿ ನಾ. ಕೆಲಸ ಬರಲ್ಲಂದ್ರ ಕೂಡಬ್ಯಾಡ ಇಲ್ಲಿ."

"ಮತ್ತ ಹಚ್ಚಿ ಕೊಡ್ತೀನ್ರಿ ಸಾಹೇಬ್ರ," ಎಂದ ಅಪ್ಪ. ಎದೆ ಒರೆಸಿಕೊಳ್ಳಲಿಲ್ಲ. ಅಂಗಿಯ ಮೇಲೆ ಅಟ್ಟೆಯ ಗುರುತು ಹಾಗೇ ಇತ್ತು.

ಆ ಸ್ಯಾಂಡಲನ್ನು ನಾನು ಎತ್ತಿ ನೋಡಿದೆ. ಅಟ್ಟೆಯಿಂದ ಒಣಗಿದ ಸಲ್ಯೂಷನ್ ಅಂಟು ಕಾಸಿದ ಹಾಲಿನ ಕೆನೆಯ ಹಾಗೆ ಒಂದೇ ತುಂಡಾಗಿ ಕೈಗೆ ಬಂತು. ಅಟ್ಟೆಯ ಮೇಲೆ ಒಂದು ಕಲೆಯೂ ಇರಲಿಲ್ಲ. ಅಂಟು ಹಚ್ಚಿಯೇ ಇಲ್ಲವೇನೋ ಎಂಬಷ್ಟು ಸ್ವಚ್ಛ. ಚರ್ಮ, ರಬ್ಬರು, ಬಟ್ಟೆ ಇವೆಲ್ಲ ಅಪ್ಪನ ಸಲ್ಯೂಷನ್ನನ್ನು ಕುಡಿಯುತ್ತಿದ್ದವು. ಎರಡೂ ಕಡೆ ಹಚ್ಚಿ, ಬೆರಳಿಗೆ ಹತ್ತದಷ್ಟು ಆರಲು ಬಿಟ್ಟು, ಒತ್ತಿ ಸುತ್ತಿಗೆಯಿಂದ ಬಡಿದರೆ ಚಪ್ಪಲಿ ಹರಿದರೂ ಅಂಟು ಬಿಡುತ್ತಿರಲಿಲ್ಲ. ಇದು ಕುಡಿಯಲಿಲ್ಲ.

"ದರಿದ್ರ ಪ್ಲಾಸ್ಟಿಕ್," ಎಂದ ಅಪ್ಪ, ಸ್ಕೂಟರು ದೂರ ಹೋದ ಮೇಲೆ. "ಸೂಜಿ ಹಾಕಿದ್ರ ಹರೀತದ, ಸಲ್ಯೂಷನ್ ಹಚ್ಚಿದ್ರ ಬಿಡ್ತದ. ಇದನ್ನ ಮಾಡಿದಂವ ನಮ್ಮ ಹೊಟ್ಟಿ ಮ್ಯಾಲ ಹೊಡೀಬೇಕಂತ್ಲೇ ಮಾಡ್ಯಾನ." ಹಾಗೆಂದು ಮತ್ತೆ ಅದೇ ಸಲ್ಯೂಷನ್ ಹಚ್ಚಿದ. ಅದು ಮತ್ತೆ ಬಿಡುತ್ತದೆ ಎಂದು ಅವನಿಗೂ ಗೊತ್ತಿತ್ತು. ಬೇರೆ ಏನು ಹಚ್ಚಬೇಕೆಂದು ಗೊತ್ತಿರಲಿಲ್ಲ.

ನನಗೆ ಅದನ್ನು ತಿಳಿಯಬೇಕಿತ್ತು. ನಮ್ಮ ಓಣಿಯಲ್ಲಿ ಡಿಗ್ರಿ ಮುಗಿಸಿದ ಮೊದಲ ಮನುಷ್ಯ ನಾನು. ಇದನ್ನು ವಿನಯಕ್ಕಾಗಿ ಮುಚ್ಚಿಡುವ ಅಭ್ಯಾಸ ನನಗಿಲ್ಲ. ಬಿಎಸ್ಸಿಯಲ್ಲಿ ರಸಾಯನಶಾಸ್ತ್ರ ತೆಗೆದುಕೊಂಡದ್ದೇ ಆ ಅಟ್ಟೆಗಾಗಿ ಎಂದರೆ ಅರ್ಧ ಸುಳ್ಳು, ಅರ್ಧ ನಿಜ. ಒಂದು ದಿನ ಧೈರ್ಯ ಮಾಡಿ ತರಗತಿಯಲ್ಲಿ ಎದ್ದು ಕೇಳಿದೆ: ಸರ್, ಕೆಲವು ಪ್ಲಾಸ್ಟಿಕ್ ಚಪ್ಪಲಿಗೆ ಅಂಟು ಯಾಕೆ ಹಿಡಿಯುವುದಿಲ್ಲ?

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. "ಅದು ಸಿಲಬಸ್‌ನಾಗ ಇಲ್ಲ, ಕೂಡು."

"ಅವನ ಮನಿ ಸಿಲಬಸ್ಸೇ ಬ್ಯಾರೆ ಅದ ಸರ್," ಎಂದ ಹಿಂದಿನ ಬೆಂಚಿನವನೊಬ್ಬ. ತರಗತಿ ನಕ್ಕಿತು. ಮೇಷ್ಟ್ರೂ ನಕ್ಕರು. ನಗುವನ್ನು ತಡೆದುಕೊಳ್ಳುವ ಪ್ರಯತ್ನವನ್ನೂ ಅವರು ಮಾಡಲಿಲ್ಲ.

ಉತ್ತರವನ್ನು ನಾನೇ ಹುಡುಕಿಕೊಂಡೆ. ಸ್ವಲ್ಪ ಕಾಲೇಜಿನ ಗ್ರಂಥಾಲಯದಲ್ಲಿ, ಹೆಚ್ಚು ಮೊಬೈಲಿನಲ್ಲಿ, ಇಂಗ್ಲಿಷನ್ನು ಬಿಡಿಸಿಕೊಂಡು ಓದುತ್ತಾ. ತಿಳಿದ ಮೇಲೆ ಅದು ಬಹಳ ಸಾದಾ ವಿಷಯ ಅನ್ನಿಸಿತು. ಗಾಜಿನ ಮೇಲೆ ಒಂದು ಹನಿ ನೀರು ಹಾಕಿದರೆ ಹರಡುತ್ತದೆ. ಕೊಡ, ಕುರ್ಚಿ, ಡಬ್ಬಿ ಮಾಡುವ ಆ ನುಣುಪು ಪ್ಲಾಸ್ಟಿಕ್ಕಿನ ಮೇಲೆ ಹಾಕಿದರೆ ಹನಿ ಹನಿಯಾಗಿಯೇ ನಿಲ್ಲುತ್ತದೆ, ಮಣಿಯ ಹಾಗೆ ಉರುಳುತ್ತದೆ. ನೀರು ಹರಡದ ಕಡೆ ಅಂಟೂ ಹರಡುವುದಿಲ್ಲ. ಹರಡದ ಅಂಟು ಮೇಲೆ ಕೂತಿರುತ್ತದೆ ಅಷ್ಟೇ, ಹಿಡಿದಿರುವುದಿಲ್ಲ. ಆದ್ದರಿಂದ ಎಂಥ ದುಬಾರಿ ಅಂಟು ತಂದರೂ ಮೊದಲು ಆ ಮೇಲ್ಮೈಯನ್ನು ಬದಲಿಸಬೇಕು. ಇಲ್ಲವೇ ಅದಕ್ಕೆಂದೇ ಮಾಡಿದ ವಿಶೇಷ ಅಂಟನ್ನು ತರಬೇಕು. ಬದಲಿಸುವ ಒಂದು ದಾರಿ ಬೆಂಕಿ. ಕರಗಿಸುವಷ್ಟಲ್ಲ, ಸವರಿ ಹೋಗುವಷ್ಟು.

ಡಿಗ್ರಿ ಮುಗಿದ ಮೇಲೆ ಕೆಲಸ ಸಿಕ್ಕಿದ್ದು ಹುಮನಾಬಾದಿನಲ್ಲಿ. ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಪಿಪಿ ಎಂದು ಕರೆಯುವ ಆ ನುಣುಪು ಪ್ಲಾಸ್ಟಿಕ್ಕಿನ ಹಾಳೆಗಳಿಂದ ಟ್ಯಾಂಕು, ಹೊಗೆ ಕೊಳವೆ, ತಟ್ಟೆಗಳನ್ನು ಮಾಡಿಕೊಡುವ ಒಂದು ಶೆಡ್ಡು ಅದು. ಬೆಳಿಗ್ಗೆ ಕಲ್ಯಾಣದಲ್ಲಿ ಬಸ್ಸು ಹತ್ತಿ, ಹೆದ್ದಾರಿಗೆ ಬಂದು, ರಾಜೇಶ್ವರ ದಾಟಿ ಹೋಗುತ್ತಿದ್ದೆ. ಪಿಪಿಗೆ ಪಿಪಿ ಸೇರಿಸಲು ಅಂಟು ಬೇಕಾಗಿರಲಿಲ್ಲ. ಮಿಸ್ತ್ರಿ ಬಿಸಿಗಾಳಿಯ ಗನ್ನು ಹಿಡಿದು, ಅದೇ ಪ್ಲಾಸ್ಟಿಕ್ಕಿನ ಕಡ್ಡಿ ಕರಗಿಸಿ, ಬೆಸುಗೆ ಹಾಕುತ್ತಿದ್ದ. ವಯಸ್ಸಾದ ಮನುಷ್ಯ, ಒಳ್ಳೆಯ ಕೈ. ನನ್ನನ್ನು 'ತಮ್ಮಾ' ಎನ್ನುತ್ತಿದ್ದ. ತನ್ನ ರೊಟ್ಟಿಯ ಗಂಟು ಬಿಚ್ಚಿದಾಗ ನನಗೂ ಒಂದು ಚೂರು ಮುರಿದು ಕೊಡುತ್ತಿದ್ದ. ಅವನು ಮುರಿದು ನನ್ನ ಕೈಗೆ ಹಾಕುತ್ತಿದ್ದ. ನಾನು ಆ ಗಂಟಿಗೆ ಕೈ ಹಾಕುತ್ತಿರಲಿಲ್ಲ. ಯಾರೂ ಹಾಗೆಂದು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ನನ್ನನ್ನು ತೆಗೆದುಕೊಂಡದ್ದು ಮಾಲನ್ನು ಪರೀಕ್ಷಿಸಲು ಎಂದು. ಮಾಡಿಸಿದ್ದು ಕತ್ತರಿಸಿದ ಹಾಳೆಯ ಅಂಚು ಕೆರೆಯುವುದನ್ನು, ನೆಲದ ಮೇಲಿನ ಪ್ಲಾಸ್ಟಿಕ್ ಹೊಟ್ಟು ಗುಡಿಸುವುದನ್ನು. ಚಹಾ ಬಂದಾಗ ಎಲ್ಲರಿಗೂ ಗಾಜಿನ ಲೋಟ, ನನಗೆ ಕಾಗದದ ಕಪ್ಪು. ಒಮ್ಮೆ ಕೇಳಿದೆ. "ಕಪ್ಪು ಸ್ವಚ್ಛ ಇರ್ತದೋ, ನೀ ಸೈನ್ಸ್ ಓದಿದಂವ, ನಿನಗ ಗೊತ್ತಿಲ್ಲೇನು?" ಎಂದರು ಮಾಲಕರು.

ಮಾಲಕರ ಬಗ್ಗೆ ಒಂದು ಮಾತು ಹೇಳಬೇಕು. ಅವರು ಯಾರನ್ನೂ ಬೈಯುತ್ತಿರಲಿಲ್ಲ. ಹಣೆಯ ತುಂಬ ವಿಭೂತಿ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಬಲಗೈಯಲ್ಲಿ ಹರಳಿನ ಉಂಗುರ. ಶೆಡ್ಡಿನ ಬಾಗಿಲ ನಾಯಿಗೆ ದಿನಾ ಬಿಸ್ಕೀಟು ಹಾಕುತ್ತಿದ್ದರು. ಯಾರಾದರೂ ದೊಡ್ಡವರು ಬಂದರೆ ನನ್ನನ್ನು ಪೊರಕೆ ಸಮೇತ ಕರೆದು ತೋರಿಸುತ್ತಿದ್ದರು.

"ಇಂವ ನಮ್ಮ ಬಿಎಸ್ಸಿ. ಇವರಪ್ಪ ಕಲ್ಯಾಣದ ಸ್ಟ್ಯಾಂಡಿನಾಗ ಚಪ್ಪಲ್ ಹೊಲೀತಾನ. ಮಗನ್ನ ಓದ್ಸ್ಯಾನ ನೋಡ್ರಿ! ಹುಡುಗ ಭಾಳ ಶಾಣ್ಯಾ."

ಬಂದವರು "ಹೌದಾ, ಶಾಭಾಶ್" ಎನ್ನುತ್ತಿದ್ದರು. ನನ್ನ ಕೈ ಮಾತ್ರ ಯಾರೂ ಕುಲುಕುತ್ತಿರಲಿಲ್ಲ. ಬೈಗುಳವಾಗಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಹೊಗಳಿಕೆಗೆ ಏನೆನ್ನುವುದು?

ಆಗ ಡಬ್ಬಿಗಳ ಒಂದು ಆರ್ಡರು ಬಂತು. ಹತ್ತಿರದ ಒಂದು ಕಾರ್ಖಾನೆಯವರಿಗೆ ಕೈ ತೊಳೆಯುವ ಜಾಗದಲ್ಲೆಲ್ಲ ಗೋಡೆಗೆ ಹಾಕಲು ಸಾಬೂನು ನೀರಿನ ಡಬ್ಬಿಗಳು ಬೇಕಿದ್ದವು. ಡಬ್ಬಿ ಪಿಪಿಯದ್ದು, ಒಳಗೆ ಎಷ್ಟು ನೀರು ಉಳಿದಿದೆ ಎಂದು ಕಾಣಲು ಮುಂದೆ ಒಂದು ಪಾರದರ್ಶಕ ಕಿಟಕಿ. ಕಿಟಕಿ ಅಕ್ರಿಲಿಕ್ಕಿನದು. ತೊಂದರೆ ಅಲ್ಲೇ ಇತ್ತು. ಎರಡು ಬೇರೆ ಬೇರೆ ಪ್ಲಾಸ್ಟಿಕ್ಕು ಒಂದಕ್ಕೊಂದು ಬೆಸುಗೆಯಾಗುವುದಿಲ್ಲ. ಸ್ಕ್ರೂ ಹಾಕಿದರೆ ಅಕ್ರಿಲಿಕ್ ಬಿರುಕು ಬಿಡುತ್ತಿತ್ತು. ಅಂಟೇ ಗತಿ. ಅಂಟು ಹಿಡಿಯಲಿ ಎಂದು ಕಿಟಕಿಯ ಸುತ್ತ ಡಬ್ಬಿಯ ಮೇಲೆ ಅಂಗೈ ಅಗಲದ ಪಟ್ಟಿ ಬಿಟ್ಟಿದ್ದರು.

ಮಾಲಕರು ಅಂಗಡಿಯಲ್ಲಿದ್ದ ಅಂಟನ್ನೆಲ್ಲ ತರಿಸಿದರು. ಚಿಟಿಕೆ ಹೊಡೆಯುವಷ್ಟರಲ್ಲಿ ಹಿಡಿಯುತ್ತದೆ ಎನ್ನುವ ಪುಟ್ಟ ಟ್ಯೂಬಿನದು ಸಂಜೆಯವರೆಗೆ ಹಿಡಿದಂತೆ ನಟಿಸಿತು. ಉಗುರು ತಾಗಿಸಿದೊಡನೆ ಕಿಟಕಿ ನೆಲಕ್ಕೆ ಬಿತ್ತು. ಸಿಲಿಕೋನು ರಬ್ಬರ್ ಪಟ್ಟಿಯ ಹಾಗೆ ಉದ್ದಕ್ಕೆ ಸುಲಿದು ಬಂತು. ಎರಡು ಟ್ಯೂಬು ಕಲಸುವ ಗಟ್ಟಿ ಎಪಾಕ್ಸಿ ಕಲ್ಲಿನಂತೆ ಕೂತಿತು. ಡಬ್ಬಿಯನ್ನು ಮೇಜಿಗೆ ಕುಕ್ಕಿದರೆ ಟಪ್ ಎಂದು ಪೂರ್ತಿ ಬಿಟ್ಟಿತು. ಮಿಸ್ತ್ರಿ ಪಿಪಿಯನ್ನು ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡಿ ನೋಡಿದ. ಸ್ವಲ್ಪ ಮೇಲು. ಬಿಸಿಲಿಗಿಟ್ಟರೆ ಅದೂ ಬಾಯಿ ತೆರೆಯಿತು.

ಯಾಕೆಂದು ನಾನು ಹೇಳಿದೆ. ಬಿಸಿಲಿಗೆ ಪಿಪಿ ಒಂದಷ್ಟು ಹಿಗ್ಗುತ್ತದೆ, ಅಕ್ರಿಲಿಕ್ ಇನ್ನೊಂದಷ್ಟು. ನಡುವೆ ಗಟ್ಟಿ ಅಂಟಿದ್ದರೆ ಅದು ಎರಡನ್ನೂ ತಾಳಲಾರದೆ ಬಿಡುತ್ತದೆ. ಸ್ವಲ್ಪ ಎಳೆದಾಡುವ ಅಂಟು ಬೇಕು. ಅದಕ್ಕೂ ಮೊದಲು ಮೇಲ್ಮೈಗೆ ಬೆಂಕಿ ಕಾಣಿಸಬೇಕು.

ಮಾಲಕರು ನಕ್ಕರು. "ಖರೆ ಅದ. ನಿಮ್ಮ ಮನಿತನದಾಗ ಅಂಟಿನ ಕೆಲಸ ಅದ ಅಲ್ಲೇನು? ರಕ್ತದಾಗೇ ಬಂದಿರಬೇಕು. ನೀ ಮಾಡಿ ತೋರ್ಸು."

"ರಕ್ತದಾಗ ಇಲ್ರಿ," ಎಂದೆ. "ಓದಿನಾಗ ಅದ."

ಶೆಡ್ಡಿನಲ್ಲಿ ಗನ್ನಿನ ಸದ್ದು ನಿಂತಿತು. ಮಾಲಕರು ನಗುವನ್ನು ಹಾಗೇ ಇಟ್ಟುಕೊಂಡು ಶೆಡ್ಡಿನ ಕಿಟಕಿಯ ಕೆಳಗಿದ್ದ ಕಬ್ಬಿಣದ ಮೇಜಿನ ಕಡೆ ಕೈ ಮಾಡಿದರು. ಮಾಲು ಪಾಸಾದ ಚೀಟಿಗೆ ಸಹಿ ಹಾಕುವ ಮೇಜು ಅದು. ಇಲ್ಲಿಯವರೆಗೆ ಮಿಸ್ತ್ರಿಯೇ ಸಹಿ ಹಾಕುತ್ತಿದ್ದ.

"ಆತು. ಕಾರ್ಖಾನಿ ಸಾಹೇಬ್ರ ಎದುರಿಗೆ ಡಬ್ಬಿ ಮಾಡು. ನೀರು ನಿಂತ್ರ ಆ ಟೇಬಲ್ ನಿಂದು, ಕುರ್ಚಿ ನಿಂದು, ಚೀಟಿ ಮ್ಯಾಲ ಸಹಿ ನಿಂದು. ಸೋರಿದ್ರ ಪೊರಕಿ ನಿಂದು. ಬರೋಬ್ಬರಿ ಅದನಾ?"

"ಬರೋಬ್ಬರಿ ಅದ್ರಿ."

ಆಮೇಲಿನ ದಿನಗಳಲ್ಲಿ ನಾನು ಕತ್ತರಿಸಿ ಉಳಿದ ತುಂಡುಗಳ ಮೇಲೆ ಕೈ ಪಳಗಿಸಿಕೊಂಡೆ. ಗ್ಯಾಸ್ ಟಾರ್ಚಿನ ನೀಲಿ ಜ್ವಾಲೆಯ ತುದಿ ಮಾತ್ರ ತಾಗಬೇಕು. ಕೈ ನಿಂತರೆ ಹಾಳೆ ಸೊಟ್ಟಗಾಗುತ್ತದೆ, ಓಡಿದರೆ ಏನೂ ಆಗುವುದಿಲ್ಲ. ಸವರಿದ ತುಂಡಿನ ಮೇಲೆ ಹನಿ ಹಾಕಿ ನೋಡುತ್ತಿದ್ದೆ. ಮಣಿಯಾಗಿ ನಿಲ್ಲುತ್ತಿದ್ದ ನೀರು ಒಂದು ಸಲ ಇದ್ದಕ್ಕಿದ್ದಂತೆ ಹರಡಿ ಮಲಗಿತು. ಅಪ್ಪನ ಎದೆಗೆ ಬಿದ್ದ ಆ ಅಟ್ಟೆಗೆ ನಾನು ಅಷ್ಟು ವರ್ಷ ಹುಡುಕಿದ ಉತ್ತರ ಅದು. ಕಣ್ಣ ಮುಂದೆ ಒದ್ದೆಯಾಗಿ ಬಿದ್ದಿತ್ತು. ಹಾಗೆ ಕಾಯಿಸಿದ ಮೇಲೆ ತಡಮಾಡದೆ, ಸ್ವಲ್ಪ ಬಾಗುವ ಗುಣದ ಎರಡು ಭಾಗದ ಅಂಟನ್ನು ಹಚ್ಚಿ, ಭಾರ ಹೇರಿ ಇಡುತ್ತಿದ್ದೆ. ಮರುದಿನ ಮಿಸ್ತ್ರಿ ಅದನ್ನು ಉಳಿ ಹಾಕಿ ಎಬ್ಬಿಸಲು ನೋಡಿದ. ಅಕ್ರಿಲಿಕ್ ಮುರಿಯಿತು, ಅಂಟು ಬಿಡಲಿಲ್ಲ.

"ಅರೇ, ತಮ್ಮಾ!" ಎಂದ. ಅವನ ಮುಖದಲ್ಲಿ ಖುಷಿಯಿತ್ತು. ಅದು ಸುಳ್ಳು ಖುಷಿಯಾಗಿರಲಿಲ್ಲ ಎಂದು ನಾನು ಈಗಲೂ ಹೇಳುತ್ತೇನೆ.

ಒಂದೇ ನಿಯಮವನ್ನು ನಾನು ಎಲ್ಲರಿಗೂ ಹೇಳಿದ್ದೆ. ಬೆಂಕಿ ಸವರಿದ ಮೇಲೆ ಆ ಪಟ್ಟಿಯನ್ನು ಯಾರೂ ಮುಟ್ಟಬಾರದು. ಕೈಯಲ್ಲಿ ಎಣ್ಣೆ ಇರುತ್ತದೆ, ಬೆವರಿರುತ್ತದೆ, ಧೂಳಿರುತ್ತದೆ. ಮುಟ್ಟಿದಲ್ಲಿ ಅಂಟು ಹಿಡಿಯುವುದಿಲ್ಲ.

ಮನೆಯಲ್ಲಿ ಅಪ್ಪನಿಗೆ ಟೇಬಲ್ಲಿನ ವಿಷಯ ಹೇಳಿದೆ. ಅಪ್ಪ ಕುರ್ಚಿಯ ಬಗ್ಗೆ ಕೇಳಲಿಲ್ಲ.

"ಸಹಿ ನಿಂದೇನು? ನೀ ಸಹಿ ಹಾಕಿದ್ರೇ ಮಾಲ್ ಹೊರಗ ಹೋಗೂದಾ?"

"ಹೌದಪ್ಪಾ."

"ಹಾಕಲಿಲ್ಲಂದ್ರ?"

"ಹೋಗಲ್ಲ."

ಅವನು ಬುತ್ತಿ ಸುತ್ತಿದ್ದ ಹಳೆಯ ಪೇಪರು ಚಾಚಿ, ಅದರ ಖಾಲಿ ಅಂಚಿನಲ್ಲಿ ಸಹಿ ಮಾಡಿ ತೋರಿಸು ಎಂದ. ಮಾಡಿದೆ. ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಜರಾ ದೊಡ್ಡದು ಹಾಕು, ಅಂಜಿದಂಗ ಕಾಣತದ," ಎಂದ.

ಕಾರ್ಖಾನೆಯ ಸಾಹೇಬರು ಬರುವ ದಿನ ಶೆಡ್ಡು ಗುಡಿಸಿ ತೊಳೆದಾಗಿತ್ತು. ಗುಡಿಸಿದ್ದು ನಾನೇ. ನಮ್ಮ ಕಡೆ ಯಾವ ಹೊಸ ಕೆಲಸ ಶುರು ಮಾಡಿದರೂ ಮೊದಲ ಮಾಲಿಗೆ ಪೂಜೆ ಆಗಲೇಬೇಕು. ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ, ಕಾಯಿ ಒಡೆದು, ಮಾಲನ್ನು ಮುಟ್ಟಿ ಆ ಕೈಯನ್ನು ಕಣ್ಣಿಗೊತ್ತಿಕೊಳ್ಳುವುದು. ಅಪ್ಪನೂ ಬೆಳಿಗ್ಗೆ ಮೊದಲ ಚಪ್ಪಲಿಗೆ ಸೂಜಿ ಹಾಕುವ ಮುಂಚೆ ಹಾಗೆ ಮಾಡುತ್ತಿದ್ದ. ನಾನು ಹಿಂದಿನ ದಿನವೇ ಮಾಲಕರಿಗೆ ಹೇಳಿದ್ದೆ, ಪೂಜೆ ಬೆಂಕಿಗಿಂತ ಮೊದಲು ಮುಗಿಯಲಿ ಎಂದು. "ಆತು ಆತು" ಎಂದಿದ್ದರು. ಆದರೆ ಸಾಹೇಬರ ಜೊತೆ ಮಾತಿಗೆ ಕೂತವರು ಏಳಲಿಲ್ಲ. "ನೀ ಶುರು ಮಾಡು" ಎಂದು ಕೂತಲ್ಲಿಂದಲೇ ಕೈ ಬೀಸಿದರು. ನಾನು ಪಟ್ಟಿಯನ್ನು ಸ್ಪಿರಿಟ್ಟಿನಿಂದ ಒರೆಸಿ, ನಾಲ್ಕೂ ಕಡೆ ಜ್ವಾಲೆ ಸವರಿದೆ. ಟಾರ್ಚು ಆರಿಸಿ ಅಂಟು ಕಲಸಲು ತಿರುಗಿದಾಗ ಮಾಲಕರು ವಿಭೂತಿಯ ತಟ್ಟೆ ಹಿಡಿದು ಬಂದು ನಿಂತಿದ್ದರು. ಕೈ ಡಬ್ಬಿಯ ಕಡೆ ಚಾಚಿತ್ತು.

"ಮುಟ್ಟಬ್ಯಾಡ್ರಿ!"

ಕೂಗಿದೆ ಅನ್ನಬಹುದು. ಕೂಗದಿದ್ದರೆ ಕೈ ಬಿದ್ದೇ ಬಿಡುತ್ತಿತ್ತು.

ಮಾಲಕರ ಕೈ ಗಾಳಿಯಲ್ಲಿ ನಿಂತಿತು. "ಏನಂದಿ?"

"ಕಾಯ್ಸಿದ ಪಟ್ಟಿಗಿ ಕೈ ಹತ್ತಬಾರದ್ರಿ. ಕೈಯಾಗ ಎಣ್ಣಿ ಇರ್ತದ. ಯಾರದೂ ಹತ್ತಬಾರದು, ನಂದೂ ಹತ್ತಬಾರದು. ಡಬ್ಬಿ ಹಿಂದಗಡಿ ಹಚ್ಚರಿ ವಿಭೂತಿ."

"ನನ್ನ ಕೈ ಹೊಲಸು ಅದ ಅಂತಿ."

"ಎಣ್ಣಿ ಅಂದೆ. ಹೊಲಸು ಅನ್ನಲಿಲ್ರಿ."

ಅವರು ನನ್ನ ಮೇಲೆ ಸಿಟ್ಟಾಗಲಿಲ್ಲ. ಸಾಹೇಬರ ಕಡೆ ತಿರುಗಿ ನಕ್ಕರು. "ನೋಡ್ರಿ ಸಾಹೇಬ್ರ, ಎಂಥಾ ಕಾಲ ಬಂತು. ಇವ್ರು ನಮಗ ಮುಟ್ಟಬ್ಯಾಡ ಅನ್ನಾಕತ್ತಾರ."

ಸಾಹೇಬರು ನಕ್ಕರು. ಗನ್ನು ಹಿಡಿದವರು, ಹಾಳೆ ಹೊತ್ತವರು ನಕ್ಕರು. ಮಿಸ್ತ್ರಿಯೂ ನಕ್ಕ. ನಗು ನಿಲ್ಲುವವರೆಗೆ ಮಾಲಕರು ಕಾದರು. ಆಮೇಲೆ ಬಲಗೈಯನ್ನು ತಲೆಯ ಮೇಲೆ ಎಳೆದು, ಎಣ್ಣೆ ಹಚ್ಚಿದ ಕೂದಲನ್ನು ನಿಧಾನಕ್ಕೆ ಹಿಂದಕ್ಕೆ ಸವರಿಕೊಂಡರು. ಅದೇ ಕೈಯನ್ನು ಬೆರಳು ಅಗಲಿಸಿ ಪಟ್ಟಿಯ ಕೆಳಭಾಗದ ಮೇಲೆ ಊರಿದರು. ಒತ್ತಿದರು. ತೆಗೆದು ಎರಡೂ ಕಣ್ಣಿಗೆ ಒತ್ತಿಕೊಂಡರು.

"ಈಗ ಹಚ್ಚು."

"ಒರೆಸಿ ಇನ್ನೊಮ್ಮೆ ಕಾಯ್ಸತೀನ್ರಿ. ಜರಾ ಹೊತ್ತು ಸಾಕು."

"ನಾ ಮುಟ್ಟಿದ್ದು ನೀ ಒರಸ್ತಿ?" ಧ್ವನಿ ಈಗಲೂ ಮೆತ್ತಗಿತ್ತು. "ಹಚ್ಚು ಅಂದೆ."

ಮಿಸ್ತ್ರಿಯನ್ನು ನೋಡಿದೆ. ಅವನು ಗನ್ನಿನ ವೈರು ಸುತ್ತುತ್ತಿದ್ದ. ಅದು ಆಗಲೇ ಸುತ್ತಿಯಾಗಿತ್ತು. ನಾನು ಅಂಟು ಹಚ್ಚಿದೆ. ಮೂರು ಕಡೆ ಅದು ಎಳೆದಂತೆ ಹರಡಿತು. ಕೆಳಗಿನ ಕಡೆ ಬೆರಳ ಗುರುತಿನ ಮೇಲೆ ಸರಿದು ಸರಿದು ಬಂತು. ಕಿಟಕಿ ಇಟ್ಟು ಭಾರ ಹೇರಿದೆ.

ಮರುದಿನ ಸಾಹೇಬರು ಮತ್ತೆ ಬಂದರು. ಡಬ್ಬಿಗೆ ಸಾಬೂನು ನೀರು ತುಂಬಿದೆವು. ಮೇಲಿನ ಅಂಚು ಒಣಗಿತ್ತು, ಎರಡು ಪಕ್ಕ ಒಣಗಿದ್ದವು. ಕೆಳಗಿನಿಂದ ಮೊದಲು ಒಂದು ಹನಿ, ಆಮೇಲೆ ಒಂದು ಗೆರೆ, ಆಮೇಲೆ ಮೇಜಿನ ಮೇಲೆಲ್ಲ ನೊರೆ.

"ಬಿಎಸ್ಸಿ ಸೋರಾಕತ್ತದಲ್ಲೋ!" ಎಂದರು ಮಾಲಕರು. ಮತ್ತೆ ನಗು.

ಸಾಹೇಬರು ಮಾತ್ರ ಕಿಟಕಿ ಬಿಚ್ಚಿ ತೋರಿಸಲು ಹೇಳಿದರು. ಮಿಸ್ತ್ರಿ ಉಳಿ ಹಾಕಿದ. ಮೇಲೆ, ಪಕ್ಕದಲ್ಲಿ ಅಕ್ರಿಲಿಕ್ ಚೂರು ಚೂರಾಯಿತೇ ಹೊರತು ಅಂಟು ಬಿಡಲಿಲ್ಲ. ಕೆಳಗಿನದು ತಾನಾಗಿ ಎದ್ದಿತು. ಒಣಗಿದ ಅಂಟು ಕೆನೆಯ ಹಾಗೆ ಒಂದೇ ತುಂಡಾಗಿ ಬಂತು. ಬಹಳ ವರ್ಷದ ಹಿಂದೆ ಸ್ಯಾಂಡಲಿನಿಂದ ನನ್ನ ಕೈಗೆ ಬಂದ ಹಾಗೆಯೇ. ಆದರೆ ಇದರ ಮೇಲೆ ಒಂದು ಕೈ ಇತ್ತು. ನಾಲ್ಕು ಬೆರಳು, ಅಂಗೈಯ ಮೇಲಿನ ಅರ್ಧ, ಚರ್ಮದ ಗೆರೆಗಳು ಸಹ ಎಣಿಸುವ ಹಾಗೆ. ಒಂದು ಬೆರಳಿನ ಬುಡದಲ್ಲಿ ಉಂಗುರದ ಅಡ್ಡಪಟ್ಟಿ.

ಸಾಹೇಬರು ಅದನ್ನು ಬೆಳಕಿಗೆ ಹಿಡಿದರು. ಆಮೇಲೆ ಮಾಲಕರ ಕೈಯನ್ನು ನೋಡಿದರು. ಮಾಲಕರ ಕೈ ಜೇಬಿಗೆ ಹೋಯಿತು.

"ಮಿಸ್ತ್ರಿ, ನೀವೇ ಹೇಳ್ರಿ," ಎಂದೆ ನಾನು. "ಕೈ ಹತ್ತಿದ್ದಕ್ಕೇ ಬಿಟ್ಟದ ಅಲ್ಲೇನ್ರಿ?"

ಮಿಸ್ತ್ರಿ ಸಾಹೇಬರನ್ನು ನೋಡಿದ, ಮಾಲಕರನ್ನು ನೋಡಿದ. ನನ್ನನ್ನು ನೋಡಲಿಲ್ಲ. "ಕೈಯಿಂದ ಏನೂ ಆಗಲ್ರಿ ಸಾಹೇಬ್ರ. ಅಂಟು ಕಲಸಿದ್ದು ಬರೋಬ್ಬರಿ ಆಗಿಲ್ಲ. ಹುಡುಗ ಅಲ್ರಿ, ಕೈ ಇನ್ನಾ ಕುಂತಿಲ್ಲ."

"ಬರೋಬ್ಬರಿ ಹೇಳಿದ ನೋಡು," ಎಂದರು ಮಾಲಕರು. "ಕಲಸೂದೇ ಬಂದಿಲ್ಲ."

ಸಾಹೇಬರು ಆ ಅಂಟಿನ ತುಂಡನ್ನು ಮೇಜಿನ ಮೇಲೆ ಹಾಕಿ ಕೈ ಒರೆಸಿಕೊಂಡರು. ಅವರಿಗೆ ಎಲ್ಲ ಕಂಡಿತ್ತು. "ನಿಮ್ಮ ನಿಮ್ಮ ಜಗಳ ನನಗ ಬ್ಯಾಡ್ರಿ. ನನಗ ಸೋರಲಾರದ ಡಬ್ಬಿ ಬೇಕು. ಇನ್ನೊಂದು ಮಾಡ್ರಿ."

ಮಾಡಿದೆ. ಅದೇ ಟಾರ್ಚು, ಅದೇ ಅಂಟು, ಅದೇ ಕಲಸುವಿಕೆ. ಈ ಸಲ ಪೂಜೆಯ ಮಾತೇ ಬರಲಿಲ್ಲ. ಮಾಲಕರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಆ ಡಬ್ಬಿ ಸೋರಲಿಲ್ಲ. ಬಿಸಿಲಿಗಿಟ್ಟರೂ ಸೋರಲಿಲ್ಲ. ಆರ್ಡರು ಸಿಕ್ಕಿತು, ಸಾಹೇಬರಿಗೆ ಶಾಲು ಹೊದಿಸಿದರು, ಪೇಢೆ ಹಂಚಿದರು. ನನಗೂ ಒಂದು ಪೇಢೆ ಬಂತು, ಕಾಗದದ ತುಂಡಿನ ಮೇಲೆ.

ಸಾಹೇಬರ ಗಾಡಿ ಹೋದ ಮೇಲೆ ನಾನು ಮೇಜಿನ ಹತ್ತಿರ ಹೋಗಿ ನಿಂತೆ.

"ಏನು?" ಎಂದರು ಮಾಲಕರು.

"ಟೇಬಲ್ ಅಂದಿದ್ದಿರಿ."

"ನೀರು ನಿಂತ್ರ ಅಂದಿದ್ದೆ. ನಿಂತಿತೇನು?"

"ಎರಡನೇದು ನಿಂತದಲ್ರಿ."

"ಮಾತು ಆಗಿದ್ದು ಮೊದಲನೇದಕ್ಕ. ಮೊದಲನೇದು ಸೋರಿತು, ಮಂದಿ ಎದುರಿಗೇ ಸೋರಿತು." ಅವರು ಜೇಬಿನಿಂದ ಬಿಸ್ಕೀಟು ತೆಗೆದು ಬಾಗಿಲ ನಾಯಿಗೆ ಎಸೆದರು. "ಕಾಯ್ಸೂದು ಮಿಸ್ತ್ರಿಗಿ ಕಲಿಸಿ ಕೊಡು. ಸಹಿ ಅಂವ ಹಾಕ್ತಾನ. ನೀ ಇದ್ರ ಇರು, ಯಾರ್ ಬ್ಯಾಡ ಅಂದಾರ? ಗುಡಸೂದು ಅದ, ಅಂಚು ಕೆರೆಯೂದು ಅದ."

ಮಿಸ್ತ್ರಿಗೆ ಕಲಿಸಬೇಕಾದ್ದೇನೂ ಉಳಿದಿರಲಿಲ್ಲ. ಅಷ್ಟೂ ದಿನ ನನ್ನ ಪಕ್ಕದಲ್ಲೇ ನಿಂತು ನೋಡಿದ್ದ. ನಾನು ಅವತ್ತು ಕೊನೆಯ ಸಲ ಶೆಡ್ಡು ಗುಡಿಸಿದೆ. ಪ್ಲಾಸ್ಟಿಕ್ ಹೊಟ್ಟು, ಪೇಢೆಯ ಕಾಗದ, ಅವುಗಳ ನಡುವೆ ಮೇಜಿನಿಂದ ಯಾರೋ ಕೆಳಗೆ ತಳ್ಳಿದ್ದ, ಮಾಲಕರ ಕೈಯಿದ್ದ ಆ ಅಂಟಿನ ತುಂಡು. ಎತ್ತಿಟ್ಟುಕೊಳ್ಳಬೇಕು ಅನ್ನಿಸಲಿಲ್ಲ. ಅದನ್ನು ನೋಡಬೇಕಾದವರೆಲ್ಲ ನೋಡಿಯಾಗಿತ್ತು. ಹೊಟ್ಟಿನ ಜೊತೆ ಡ್ರಮ್ಮಿಗೆ ಹಾಕಿ, ಪೊರಕೆಯನ್ನು ಆ ಕಬ್ಬಿಣದ ಮೇಜಿನ ಮೇಲೆ ಅಡ್ಡಲಾಗಿ ಇಟ್ಟು ಹೊರಬಿದ್ದೆ.

ಮನೆಯಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ. ಅವನು ಮೊದಲು ಕೇಳಿದ್ದು ಕೆಲಸದ ಬಗ್ಗೆ ಅಲ್ಲ.

"ನೀ ಅವರಿಗಿ ಮುಟ್ಟಬ್ಯಾಡ ಅಂದಿ?"

"ಅಂದೆ."

"ಮಂದಿ ಎದುರಿಗಿ?"

"ಹೌದು."

ಅಪ್ಪ ನಗತೊಡಗಿದ. ಮೊದಲು ಬಾಯಿ ಮುಚ್ಚಿ, ಆಮೇಲೆ ತೊಡೆ ಬಡಿದುಕೊಂಡು, ಕೊನೆಗೆ ಕೆಮ್ಮು ಬಂದು ಗೋಡೆಗೆ ಒರಗುವವರೆಗೆ. "ಅಂಗೈ ಪೂರಾ ಊರಿದನಾ? ಕಣ್ಣಿಗಿ ಬ್ಯಾರೆ ಒತ್ತಿಕೊಂಡನಾ?" ಎಂದು ಮತ್ತೆ ಮತ್ತೆ ಹೇಳಿಸಿದ. ಅವನು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ನೋಡಿದಳು. ನಗು ಮುಗಿದ ಮೇಲೆ ಅಪ್ಪ ಕಣ್ಣು ಒರೆಸಿಕೊಂಡು ಬೇರೆಯೇ ದನಿಯಲ್ಲಿ ಹೇಳಿದ:

"ನಾಳಿ ಜಲ್ದಿ ಹೋಗಿ ಕಾಲಿಗಿ ಬೀಳು."

"ಯಾಕ?"

"ಯಾಕಂತ ಕೇಳ್ತಾನ! ಓದ್ಸಿದ್ದು ಮನ್ಯಾಗ ಕೂಡಾಕಲ್ಲ. ಬಾಯಿ ಮುಚ್ಚಿ ಹಚ್ಚಬೇಕಿತ್ತು. ಸೋರಿದ್ರ ಅವನ ಡಬ್ಬಿ ಸೋರ್ತಿತ್ತು, ನಿಂದೇನ್ ಹೋಗ್ತಿತ್ತು?"

"ಸಹಿ ಹೋಗ್ತಿತ್ತಪ್ಪಾ."

"ಈಗೇನ್ ಉಳೀತು?"

ಕಾಲಿಗೆ ಬೀಳಲು ನಾನು ಹೋಗಲಿಲ್ಲ. ಅಪ್ಪ ಕೆಲವು ದಿನ ನನ್ನ ಜೊತೆ ಮಾತು ಬಿಟ್ಟ. ಓಣಿಯವರು ಬಿಡಲಿಲ್ಲ. "ಏನಪಾ ಬಿಎಸ್ಸಿ, ಅಂಟು ಬಿಡ್ತಂತಲ್ಲ?" ಎಂದು ಕಟ್ಟೆಯ ಮೇಲಿನಿಂದ ಕೂಗುತ್ತಿದ್ದರು. ನಮ್ಮವರೇ. ಡಿಗ್ರಿ ಬಂದ ದಿನ ನನ್ನನ್ನು ಹೆಗಲ ಮೇಲೆ ಹೊತ್ತವರು.

ಕಷ್ಟಪಟ್ಟು ಇನ್ನೊಂದು ಕಡೆ ಕೆಲಸ ಹಿಡಿದೆ. ಅದೂ ಹುಮನಾಬಾದಿನಲ್ಲೇ, ಒಂದು ಪ್ರಯೋಗಾಲಯದಲ್ಲಿ. ಚಹಾ ಎಲ್ಲರಿಗೂ ಕಾಗದದ ಕಪ್ಪಿನಲ್ಲೇ ಬರುತ್ತಿತ್ತು, ಅಷ್ಟರಮಟ್ಟಿಗೆ ಸಮಾಧಾನ. ಒಂದು ಮಧ್ಯಾಹ್ನ ಮಿಸ್ತ್ರಿಯ ಫೋನು ಬಂತು.

"ತಮ್ಮಾ, ಆರಾಮಿದ್ದಿ? ಅಲ್ಲೋ, ಡಬ್ಬಿ ವಾಪಸ್ ಬರಾಕತ್ತಾವ. ಗೋಡಿಗಿ ಹಾಕಿ ಸ್ವಲ್ಪ ದಿನಕ್ಕ ಸೋರಾಕತ್ತಾವ. ಸಾಹೇಬ್ರು ಆರ್ಡರ್ ಕಿತ್ಕೋತೀನಿ ಅನ್ನಾಕತ್ತಾರ."

"ಬೆಂಕಿ ಬರೋಬ್ಬರಿ ಕಾಣಸ್ತೀರಾ?"

"ನೀ ತೋರ್ಸಿದಂಗೇ. ಹನಿ ಹಾಕಿ ನೋಡ್ತೀನಿ, ಹರಡತದ."

"ಅಂಟು?"

"ಅದೇ ಅಂಟು. ಹಳೇದಲ್ಲ, ಹೊಸಾದೇ ಅದ."

ಒಂದು ಕ್ಷಣ ಯೋಚಿಸಿ ಕೇಳಿದೆ. "ಪೂಜಾ ಯಾವಾಗ ಮಾಡ್ತಾರ?"

"ಪೂಜಾ?" ಮಿಸ್ತ್ರಿಗೆ ಆ ಪ್ರಶ್ನೆ ವಿಚಿತ್ರವಾಗಿ ಕಂಡಿತು. "ನಿಂದು ಆ ಗಲಾಟಿ ಆದಾಗಿಂದ ಸಾವ್ಕಾರ್ರು ಒಂದು ಡಬ್ಬಿನೂ ಬಿಡಂಗಿಲ್ಲ. ಬೆಂಕಿ ಆದ ಕೂಡ್ಲೇ ಬರ್ತಾರ, ವಿಭೂತಿ ಹಚ್ತಾರ, ಮುಟ್ಟಿ ಕಣ್ಣಿಗಿ ಹಚ್ಕೋತಾರ. ನಾವೂ ಎಲ್ಲಾರು ಮುಟ್ತೇವಿ. ಮುಟ್ಟಲಿಲ್ಲಂದ್ರ ಅವ್ರಿಗಿ ಸಿಟ್ಟು ಬರ್ತದ."

ನಾನು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದೆ. ಸಾಹೇಬರ ಎದುರು ಕೈಯಿಂದ ಏನೂ ಆಗುವುದಿಲ್ಲ ಎಂದು ಹೇಳಿದವನು ಮಿಸ್ತ್ರಿ, ಹೌದೆಂದವರು ಮಾಲಕರು. ಹೇಳಿದ ಮೇಲೆ ಕೈ ತಡೆಯುವುದು ಹೇಗೆ? ತಡೆದರೆ ಅವತ್ತು ನಾನು ಹೇಳಿದ್ದು ನಿಜವಾಗುತ್ತದೆ. ಆದ್ದರಿಂದ ಶೆಡ್ಡಿನವರೆಲ್ಲ ಸಾಲಾಗಿ ಬಂದು, ಒಂದೊಂದು ಡಬ್ಬಿಯನ್ನೂ ಭಕ್ತಿಯಿಂದ ಕೆಡಿಸಿ ಕಳಿಸುತ್ತಿದ್ದರು.

"ಚೀಟಿ ಮ್ಯಾಲ ನನ್ನ ಸಹಿ ಅದ ತಮ್ಮಾ," ಎಂದ ಮಿಸ್ತ್ರಿ. ಧ್ವನಿ ಕುಗ್ಗಿತ್ತು. "ಸಾವ್ಕಾರ್ರು ಎಲ್ಲಾ ನನ್ನ ತಲಿ ಮ್ಯಾಲ ಹಾಕ್ಯಾರ. ನಾಳಿಂದ ಬರಬ್ಯಾಡ ಅನ್ನಾಕತ್ತಾರ. ಈ ವಯಸ್ಸಿನಾಗ ನಾ ಎಲ್ಲಿಗಿ ಹೋಗ್ಲಿ? ನೀ ಓದಿದಂವ, ಒಂದ್ ಮಾತು ಹೇಳು. ಎಲ್ಲಿ ತಪ್ಪಾಗಾಕತ್ತದ?"

ಅವನು ಮುರಿದು ಕೊಡುತ್ತಿದ್ದ ರೊಟ್ಟಿ ನೆನಪಾಯಿತು. ಸುತ್ತಿಯಾಗಿದ್ದ ವೈರನ್ನು ಮತ್ತೆ ಸುತ್ತುತ್ತಿದ್ದ ಅವನ ಕೈಯೂ ನೆನಪಾಯಿತು.

"ಅಂಟು ಕಲಸಿದ್ದು ಬರೋಬ್ಬರಿ ಆಗಿರಲಿಕ್ಕಿಲ್ರಿ ಮಿಸ್ತ್ರಿ," ಎಂದೆ. "ನಿಮ್ಮ ಕೈ ಇನ್ನಾ ಕುಂತಿಲ್ಲ."

ಆ ಕಡೆ ಯಾರೋ ಆರಿಸದೆ ಬಿಟ್ಟ ಬಿಸಿಗಾಳಿಯ ಗನ್ನು ಸುಯ್ ಎನ್ನುತ್ತಿತ್ತು. ನಾನು ಫೋನು ಇಟ್ಟು, ಮುಂದಿದ್ದ ವರದಿಯನ್ನು ಇನ್ನೊಮ್ಮೆ ಓದಿ, ಕೆಳಗೆ ದೊಡ್ಡದಾಗಿ ಸಹಿ ಹಾಕಿದೆ.